ಎತ್ತಿನ ಅಳತೆಗೆ ಕಟ್ಟಿದ ಮನೆ

ಹಾನಗಲ್ಲಿನಿಂದ ಹಾವೇರಿ, ಬ್ಯಾಡಗಿ ಹಾಯ್ದು ರಾಣೆಬೆನ್ನೂರಿಗೆ ಹೊರಟವರು ದಾರಿಯುದ್ದಕ್ಕೂ ಮನೆಗಳ ಮಾಡನ್ನಷ್ಟೇ ನೋಡುತ್ತ ಹೋದರೂ ಮಳೆಯ ಲೆಕ್ಕ ಸಿಕ್ಕಿಬಿಡುತ್ತದೆ. ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು. ಅಲ್ಲಿ ಇಳಿಜಾರು ಮಾಡು, ಮೇಲೆ ಹೆಂಚು. ಹಾವೇರಿಯ ಸುತ್ತಮುತ್ತ ಹೆಂಚಿನ ಮನೆಯ ಮಗ್ಗುಲಲ್ಲೇ ಮಾಳಿಗೆ ಮನೆ. ರಾಣೆಬೆನ್ನೂರು ತಾಲ್ಲೂಕಿನ ಹಳೇ ಓಣಿಗಳಿಗೆ ಬರುವಷ್ಟರಲ್ಲಿ ಮನೆಗಳ ತಲೆ ಚಪ್ಪಟೆ: ಕಲ್ಲಿನ ಗೋಡೆ, ಮರದ ಕಂಬ, ಅದರ ಮೇಲೆ ಅಡಿ ದಪ್ಪದ ಮಣ್ಣು. ಮೇಲ್ಮುದ್ದಿ ಮನಿ ಎಂದು ನಮ್ಮ ಕಡೆ ಕರೆಯುವುದು ಇದನ್ನೇ.

ಹೆಂಚು ಪೂರ್ವಕ್ಕೆ ಸರಿದದ್ದರಲ್ಲಿ ರೈಲಿನ ಪಾಲು ದೊಡ್ಡದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹರಿಹರದವರೆಗೆ ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಹಳಿಯ ಮೇಲಿನ ನಿಲ್ದಾಣಗಳೇ. ಹತ್ತಿ, ಮೆಣಸಿನಕಾಯಿ ಹೊರಗೆ ಹೋಗುವ ದಾರಿಯಲ್ಲೇ ಹೆಂಚು, ಸಾಗವಾನಿ ತೊಲೆ, ಕಬ್ಬಿಣದ ಗರ್ಡರು ಒಳಗೆ ಬಂದವು. ಪೇಟೆಯ ಸಾಹುಕಾರರ ಮನೆಗಳು ಲಗೂನೆ ರೂಪ ಬದಲಿಸಿದವು. ಹಳ್ಳಿಯ ಒಕ್ಕಲುತನದ ಮನೆ ಮಾತ್ರ ಮತ್ತೆ ಎಂಬತ್ತು ನೂರು ವರ್ಷ ಹೆಚ್ಚುಕಡಿಮೆ ಹಾಗೇ ಉಳಿಯಿತು. ಯಾಕೆಂದರೆ ಅದರೊಳಗೆ ಎತ್ತು ಇತ್ತು.

ಈ ಮನೆಗಳ ಬಗ್ಗೆ ಬರೆಯುವವರೆಲ್ಲ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂದು ಹೊಗಳಿ ಮುಗಿಸುವುದು ರೂಢಿ. ಹೊಗಳಿಕೆ ಸುಳ್ಳಲ್ಲ. ಆದರೆ ಕಟ್ಟಿದವನ ತಲೆಯಲ್ಲಿ ಮೊದಲು ಇದ್ದದ್ದು ತನ್ನ ಸುಖವಲ್ಲ. ಒಂದು ಜೋಡಿ ಎತ್ತು ಮತ್ತು ಮುಂದಿನ ವರ್ಷದ ಜೋಳ. ಅವೆರಡಕ್ಕೂ ಜಾಗ ಆದಮೇಲೆ ಉಳಿದದ್ದರಲ್ಲಿ ಮಂದಿ ಮಲಗುತ್ತಿದ್ದರು. ಹೀಗಾಗಿ ಈ ಮನೆಯನ್ನು ನೇಗಿಲು, ಕುಂಟೆ, ಕೂರಿಗೆಗಳ ಸಾಲಿಗೆ ಸೇರಿಸಿ, ಒಕ್ಕಲುತನದ ಅತಿ ದೊಡ್ಡ ಹತಾರ ಎಂದು ನೋಡುವುದೇ ಸರಿ ಅನ್ನುವುದು ನನ್ನ ವಾದ.

ಮೊದಲು ಕಲ್ಲು. ಈ ಸೀಮೆಯ ನೆಲದಡಿ ಇರುವ ಶಿಲೆಗೆ ಜಗತ್ತಿನ ಭೂವಿಜ್ಞಾನದಲ್ಲಿ ನಮ್ಮದೇ ಹೆಸರು. ಧಾರವಾಡ ಶಿಲಾಸಮೂಹ ಎಂದು 1880ರ ದಶಕದಲ್ಲಿ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಅದರೊಳಗಿನ ಒಂದು ಪದರಿಗೆ ರಾಣೆಬೆನ್ನೂರಿನ ಹೆಸರೇ ಇದೆ. ಪದರು ಪದರಾಗಿ ಬಿಚ್ಚಿಕೊಳ್ಳುವ ಗುಣ ಇಲ್ಲಿನ ಬಹಳಷ್ಟು ಕಲ್ಲುಗಳದ್ದು. ಹಾರೆ ಹಾಕಿ ಮೀಟಿದರೆ ಹಲಗೆಯ ಹಾಗೆ ಏಳುತ್ತವೆ. ಉಳಿಯ ಕೆಲಸ ಕಡಿಮೆ. ಹಾವೇರಿಯ ಸಿದ್ಧೇಶ್ವರ ಗುಡಿಗೋ ಚೌಡಯ್ಯದಾನಪುರದ ಮುಕ್ತೇಶ್ವರಕ್ಕೋ ಕೊರೆಯಲು ಬರುವ ಮೆತ್ತನೆಯ ಬಳಪದ ಕಲ್ಲನ್ನು ಆರಿಸಿ ತರಬೇಕಾಯಿತು. ಒಕ್ಕಲಿಗನಿಗೆ ಆ ಹಂಗಿಲ್ಲ. ಹೊಲ ಹಸನು ಮಾಡುವಾಗ ಎದ್ದ ಕಲ್ಲು, ಊರ ಮರಡಿಯ ಕಲ್ಲು ಚಕ್ಕಡಿಯಲ್ಲಿ ಬಂದು ಬಿದ್ದರೆ ಆಯಿತು.

ಗೋಡೆ ಒಂದೇ ಅಲ್ಲ, ಎರಡು. ಒಳಮೈಗೊಂದು ಸಾಲು, ಹೊರಮೈಗೊಂದು ಸಾಲು. ನಡುವೆ ಚೂರುಗಲ್ಲು ಮತ್ತು ಕೊಳೆಹಾಕಿ ತುಳಿದ ಕೆಸರು. ಎರಡು ಸಾಲೂ ಬೇರೆ ಬೇರೆಯಾಗಿ ಬಾಯಿ ಬಿಡದಂತೆ ಅಲ್ಲಲ್ಲಿ ಗೋಡೆಯ ಅಗಲಕ್ಕೂ ಒಂದು ಉದ್ದನೆಯ ಕಲ್ಲು ಹಾಯಿಸುತ್ತಾರೆ. ದಪ್ಪ ಎರಡು ಅಡಿಯಿಂದ ಮೂರು ಅಡಿ. ಹಗಲಿನ ಬಿಸಿಲು ಇಷ್ಟು ದಪ್ಪದ ಗೋಡೆ ದಾಟುವಷ್ಟರಲ್ಲಿ ರಾತ್ರಿಯಾಗಿ, ಹೊರಗೆ ತಂಗಾಳಿ ಬಿಟ್ಟಿರುತ್ತದೆ. ತಂಪಿನ ಗುಟ್ಟು ಇಷ್ಟೇ.

ಇನ್ನು ಒಳಗೆ ಬನ್ನಿ. ತಲಬಾಗಿಲು ಎತ್ತು ಹಾಯುವಷ್ಟು ಅಗಲ, ಆದರೆ ಮನುಷ್ಯ ತಲೆಬಾಗಬೇಕಾದಷ್ಟು ತಗ್ಗು. ಬಾಗಿಲ ಹಿಂದೆ ಅಗಳಿ: ಹಗಲೆಲ್ಲ ಗೋಡೆಯ ಪೊಟರೆಯೊಳಗೆ ಅಡಗಿದ್ದು ರಾತ್ರಿ ಅಡ್ಡಡ್ಡ ಎಳೆಯುವ ಮರದ ತೊಲೆ. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ದೇವರಮನೆಯೂ ಅಲ್ಲ, ಕೂಡ್ರುವ ಜಾಗವೂ ಅಲ್ಲ. ದಂದಕ್ಕಿ, ಅಂದರೆ ದನ ಕಟ್ಟುವ ಅಂಕಣ. ಅಲ್ಲಿಂದ ಎರಡು ಮೂರು ಅಡಿ ಎತ್ತರಕ್ಕೆ ಪಡಸಾಲೆ. ಪಡಸಾಲೆಯ ಅಂಚಿಗೇ ಗ್ವಾದಲಿ. ಮೇಲೆ ಕೂತವನು ಎದ್ದು ಹೋಗದೆಯೇ ಕೈಚಾಚಿ ಕಣಿಕೆ ಹಾಕಬಹುದು. ಎತ್ತಿನ ಮುಖ, ಕೂತವನ ಮುಖ ಒಂದೇ ಮಟ್ಟಕ್ಕೆ ಬರುತ್ತವೆ. ಪಡಸಾಲೆ ದಾಟಿದರೆ ನಡುಮನೆ, ಅದರಾಚೆ ಕತ್ತಲಲ್ಲಿ ಅಡಿಗೆಮನೆ, ದೇವರ ಜಗಲಿ, ಬಚ್ಚಲು, ಹಿತ್ತಲ ಬಾಗಿಲು.

ಮೋಟೆಬೆನ್ನೂರಿನ ಆಸುಪಾಸಿನಲ್ಲಿ ಇಂಥದೊಂದು ಏಳಂಕಣದ ಮನೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ದಂದಕ್ಕಿಯಲ್ಲಿ ಈಗ ಒಂದು ಬೈಕು, ಎರಡು ಗೊಬ್ಬರದ ಚೀಲ. ಆದರೆ ಅಲ್ಲಿನ ಕಂಬವೊಂದು ನೆಲದಿಂದ ಎದೆಮಟ್ಟದವರೆಗೆ ಒರಟು, ಅಲ್ಲಿಂದ ಒಂದು ಗೇಣು ಕನ್ನಡಿಯಂತೆ ನುಣುಪು, ಮೇಲೆ ಮತ್ತೆ ಒರಟು. ಎತ್ತುಗಳು ತಲೆಮಾರುಗಟ್ಟಲೆ ಕುತ್ತಿಗೆ ತಿಕ್ಕಿದ ಗುರುತು ಅದು. ಗ್ವಾದಲಿಯ ಹಲಗೆಗೆ ಹಗ್ಗ ಪೋಣಿಸುವ ತೂತು. ಹಗ್ಗ ಜಗ್ಗಿ ಜಗ್ಗಿ ಅದು ಗುಂಡಗೆ ಉಳಿಯದೆ ಒಂದೇ ಕಡೆಗೆ ಉದ್ದವಾಗಿತ್ತು. ಅಲ್ಲಿನ ಅಜ್ಜಿಯನ್ನು, ಮನೆಯೊಳಗೇ ಎತ್ತು ಕಟ್ಟಿದರೆ ವಾಸನೆ ಆಗುತ್ತಿರಲಿಲ್ಲವೇನ್ರಿ ಎಂದು ಕೇಳಿದೆ. “ವಾಸನಿ ಏನ್ ಮಾಡ್ತೈತಿ ತಮ್ಮಾ, ರಾತ್ರಿ ಮೆಲುಕಾಡೋ ಸಪ್ಪಳ ಕೇಳ್ತಿದ್ರ ಎತ್ತು ಆರಾಮ ಅದಾವು ಅಂತ. ಸಪ್ಪಳ ನಿಂತ್ರ ಎದ್ದು ಹೋಗಿ ನೋಡ್ತಿದ್ವಿ” ಎಂದರು. ದನ ಒಳಗೇಕೆ ಎಂಬುದಕ್ಕೆ ಕಳ್ಳರ ಭಯ, ಹುಲಿ ಚಿರತೆಯ ಭಯ ಎಂದು ಪುಸ್ತಕದವರು ಹೇಳುವ ಕಾರಣಗಳಿಗಿಂತ ಇದು ನನಗೆ ಹೆಚ್ಚು ಒಪ್ಪಿತವಾಯಿತು. ಒಂದು ಎತ್ತು ಸತ್ತರೆ ಆ ವರ್ಷದ ಬಿತ್ತನೆಯೇ ತಪ್ಪುವ ಮನೆಯಲ್ಲಿ ಅದರ ಹೊಟ್ಟೆಯ ಸಪ್ಪಳಕ್ಕೆ ಕಿವಿಗೊಟ್ಟು ಮಲಗುವುದು ಅಗತ್ಯವೇ.

ಇದು ನಮ್ಮಲ್ಲಷ್ಟೇ ಕಂಡದ್ದೂ ಅಲ್ಲ. ಇಂಗ್ಲೆಂಡಿನ ನೈರುತ್ಯಕ್ಕಿರುವ ಡಾರ್ಟ್‌ಮೂರ್ ಎಂಬ ಕಲ್ಲುಬಂಡೆಯ ಸೀಮೆಯಲ್ಲಿ ‘ಲಾಂಗ್‌ಹೌಸ್’ ಎಂಬ ಹಳೇ ರೈತರ ಮನೆಗಳಿವೆ. ಗ್ರಾನೈಟಿನ ದಪ್ಪ ಗೋಡೆ, ಉದ್ದನೆಯ ಒಂದೇ ಮಾಡು, ಜನಕ್ಕೂ ದನಕ್ಕೂ ಒಂದೇ ಬಾಗಿಲು. ಒಳಹೊಕ್ಕು ಒಂದು ಕಡೆ ತಿರುಗಿದರೆ ಒಲೆಯ ಕೋಣೆ, ಇನ್ನೊಂದು ಕಡೆ ಕೊಟ್ಟಿಗೆ. ಮನೆಯನ್ನು ಗುಡ್ಡದ ಇಳಿಜಾರಿಗೆ ಉದ್ದುದ್ದ ಕಟ್ಟಿ, ಕೊಟ್ಟಿಗೆಯನ್ನು ತಗ್ಗಿನ ಕಡೆಗೆ ಇಡುತ್ತಿದ್ದರು; ಗಂಜಲ ತಾನಾಗಿ ಹರಿದು ಗೋಡೆಯ ಕಿಂಡಿಯಿಂದ ಹೊರಬೀಳುತ್ತಿತ್ತು. ನಮ್ಮ ದಂದಕ್ಕಿಯ ತಗ್ಗಿಗೂ ಇದೇ ಲೆಕ್ಕ. ಬಯಲಿನಲ್ಲಿ ಇಳಿಜಾರು ಸಿಗದ್ದಕ್ಕೆ ನಮ್ಮವರು ಪಡಸಾಲೆಯನ್ನೇ ಎತ್ತರಿಸಿ ಇಳಿಜಾರು ಮಾಡಿಕೊಂಡರು, ಗಂಜಲದ ಕಾಲುವೆಯನ್ನು ತಿಪ್ಪೆಗೆ ಬಿಟ್ಟರು. ಹೈಯರ್ ಅಪ್ಪಕಾಟ್ ಎಂಬ 14ನೇ ಶತಮಾನದ ಇಂಥ ಒಂದು ಮನೆಯನ್ನು ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನದವರು ಕೊಟ್ಟಿಗೆಯ ಸಮೇತ ಕಾಪಾಡಿಕೊಂಡಿದ್ದಾರೆ. ಅಲ್ಲಿಯ ಚಳಿಗೆ ದನದ ಮೈಶಾಖ ಮನೆಗೆ ಉಪಯೋಗವೂ ಆಗುತ್ತಿತ್ತು. ರಾಣೆಬೆನ್ನೂರಿನ ಏಪ್ರಿಲ್ಲಿನಲ್ಲಿ ಆ ಲಾಭ ಯಾರಿಗೂ ಬೇಡ.

ಮನೆಯ ಅಳತೆ ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ, ಸುಮಾರು ಎಂಟು ಅಡಿ. ಮರ ಇದಕ್ಕಿಂತ ಉದ್ದಕ್ಕೆ ಭಾರ ತಾಳುವುದು ಕಷ್ಟ, ಹಾಗಾಗಿ ಕೋಣೆಗಳ ಅಗಲ ನಿಂತಿರುವುದು ತೊಲೆಯ ಮೇಲೆ, ಮಾಲೀಕನ ಆಸೆಯ ಮೇಲಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಹಲಗೆ ಇಲ್ಲವೇ ಕಟ್ಟಿಗೆ ಚಕ್ಕೆ, ಅದರ ಮೇಲೆ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ ಹಾಸಿ ಗೆದ್ದಲಿಗೆ ತಡೆ, ಕಡೆಗೆ ಮಣ್ಣು. ಬೋದಿಗೆಯಲ್ಲಿ ಗಿಳಿ, ಕಮಲ ಕೆತ್ತಿಸಿದವರು ಅನುಕೂಲಸ್ಥರು. ಆದರೆ ಅದರ ನಿಜವಾದ ಕೆಲಸ, ತೊಲೆಗೆ ಎರಡೂ ಕಡೆ ಒಂದೊಂದು ಗೇಣು ಹೆಚ್ಚು ಆಸರೆ ಕೊಟ್ಟು ನಡುವಿನ ಭಾರ ಇಳಿಸುವುದು. ಗುಡಿಗಳ ಕಂಬದ ತಲೆಯಲ್ಲೂ ಇದೇ ಬೋದಿಗೆ, ಅಲ್ಲಿ ಕಲ್ಲಿನಲ್ಲಿ.

ಮಾಳಿಗೆಗೆ ಕಂಡ ಕಂಡ ಮಣ್ಣು ನಡೆಯುವುದಿಲ್ಲ. ಎರೆಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಸಾರಿ ಹಾಕಿದರೆ ನೀರು ಜಿನುಗುತ್ತದೆ. ಬೇಕಾದದ್ದು ಹಳ್ಳದ ದಂಡೆಯ ಸವಳು ಮಣ್ಣು. ಬೆಳೆಗೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದಾಗ ಅದರ ಜೇಡಿಕಣ ಒಂದಕ್ಕೊಂದು ಅಂಟಿಕೊಂಡು ಹೆಂಟೆಗಟ್ಟದೆ ಹಿಟ್ಟಿನಂತೆ ಬಿಡಿಬಿಡಿಯಾಗಿ, ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತದೆ. ಹುಲ್ಲೂ ಹುಟ್ಟುವುದಿಲ್ಲ, ಹೀಗಾಗಿ ಬೇರು ಇಳಿದು ಮಾಳಿಗೆ ಬಾಯಿ ಬಿಡುವ ಭಯವಿಲ್ಲ. ಒಕ್ಕಲುತನಕ್ಕೆ ಶಾಪವಾದ ಮಣ್ಣನ್ನು ಹುಡುಕಿ ತಲೆಯ ಮೇಲೆ ಹೊತ್ತುಕೊಂಡ ಈ ಜಾಣತನ ನನಗೆ ಇಡೀ ಮನೆಯಲ್ಲಿ ಅತಿ ಹೆಚ್ಚು ಹಿಡಿಸಿದ್ದು. ಮುಂಗಾರಿಗೆ ಮುಂಚೆ ಚಕ್ಕಡಿಗಟ್ಟಲೆ ಸವಳು ತಂದು ಮಾಳಿಗೆಗೆ ಹೊದಿಸುವುದು ಪ್ರತಿ ವರ್ಷದ ಕೆಲಸ.

ಅಪಾಯ ಇರುವುದೂ ಇಲ್ಲೇ. ಎಂಟು ಅಡಿಗೆ ಎಂಟು ಅಡಿಯ ಒಂದು ಅಂಕಣ, ಮೇಲೆ ಒಂದು ಅಡಿ ಮಣ್ಣು ಎಂದರೆ 64 ಘನ ಅಡಿ. ಒಂದು ಘನ ಅಡಿ ಮಣ್ಣು 45 ಕಿಲೋ ತೂಗುತ್ತದೆ ಎಂದುಕೊಂಡರೂ ಒಂದು ಅಂಕಣದ ನೆತ್ತಿಯ ಮೇಲೆ ಸುಮಾರು 3 ಟನ್. ಹಳೇ ಮಣ್ಣು ಕೆರೆದು ತೆಗೆಯದೆ ವರ್ಷ ವರ್ಷ ಹೊಸದನ್ನೇ ಸುರಿಯುತ್ತ ಹೋದರೆ ಅದು ಒಂದೂವರೆ ಅಡಿಯಾಗುತ್ತದೆ. ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದು ನೆನೆದರೆ ಅದೇ ಅಂಕಣ 5 ಟನ್ ದಾಟೀತು. ತೊಲೆಯ ತುದಿ ಗೋಡೆಯೊಳಗೆ ಹೂತಿರುತ್ತದೆ. ಅಲ್ಲಿ ತೇವ ಹಿಡಿದು ಲಡ್ಡಾದದ್ದು ಕೆಳಗೆ ಮಲಗಿದವರಿಗೆ ಕಾಣುವುದಿಲ್ಲ.

ಓಣಿಯ ಕಡೆಗೆ ಕಿಟಕಿ ಇಲ್ಲ, ಇದ್ದರೂ ಕೈ ತೂರುವಷ್ಟು. ಬೆಳಕು ಬರುವುದು ನೆತ್ತಿಯ ಬೆಳಕಿಂಡಿಯಿಂದ. ಮಳೆ ಬಂದರೆ ಮೇಲೆ ಹತ್ತಿ ಬಂಡೆಯನ್ನೋ ತಗಡನ್ನೋ ಮುಚ್ಚಬೇಕು. ಪೇಶ್ವೆಯವರ ಆಡಳಿತ ಮುಗಿದು 1818ರ ಹೊತ್ತಿಗೆ ಈ ಸೀಮೆ ಇಂಗ್ಲಿಷರ ಕೈಸೇರುವವರೆಗೆ ದಂಡು ಹಾಯುವುದು, ಸುಲಿಗೆ ಆಗುವುದು ಇಲ್ಲಿ ಮಾಮೂಲು. ಕಿಟಕಿಯಿಲ್ಲದ ಗೋಡೆ, ಅಗಳಿಯ ಬಾಗಿಲು ಆ ಕಾಲದ ಬುದ್ಧಿ. ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಓಣಿಯ ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ಹೋಗಬಹುದಿತ್ತು. ಶಂಡಿಗೆ, ಮನೆಬಳಕೆಯ ಮೆಣಸಿನಕಾಯಿ ಒಣಗುತ್ತಿದ್ದುದೂ ಅಲ್ಲೇ. ಹೊಗೆ ತುಂಬಿದ ಅಡಿಗೆಮನೆಯ ಕತ್ತಲಲ್ಲಿ ಮಾತ್ರ ಹೆಣ್ಣುಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಇಡೀ ಜನ್ಮ ಕಳೆದರು. ತಂಪು ಮನೆಯನ್ನು ಹೊಗಳುವವರು ಈ ಕೋಣೆಯಲ್ಲಿ ಒಂದು ಹೊತ್ತಿನ ರೊಟ್ಟಿ ಬಡಿದು ನೋಡಬೇಕು.

ಇನ್ನು ಜೋಳ. ದಿನದ ಬಳಕೆಗೆ ನಡುಮನೆಯಲ್ಲಿ ಗುಮ್ಮಿ, ಸಗಣಿ ಬಳಿದ ಕಣಜ. ವರ್ಷಾನುಗಟ್ಟಲೆ ಇಡುವ ಜೋಳಕ್ಕೆ ಹಗೇವು. ಮನೆಯ ಮುಂದೆ, ಕೆಲವು ಊರುಗಳಲ್ಲಿ ಓಣಿಯ ನಡುವೆಯೇ, ನೆಲ ಗಟ್ಟಿ ಇರುವ ಕಡೆ ತೋಡಿದ ಗುಂಡಿ: ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಗಡಿಗೆಯಂಥ ಹೊಟ್ಟೆ. ಎರೆನೆಲದಲ್ಲಿ ಇದು ಆಗದು, ಬಿರುಕಿನಿಂದ ನೀರಿಳಿಯುತ್ತದೆ; ಮರಡಿಯ ಗಡಸು ನೆಲವೇ ಬೇಕು. ತಳಕ್ಕೂ ಬದಿಗೂ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು, ಮೇಲೆ ಕೆಸರು ಮೆತ್ತಿದರೆ ಗಾಳಿಯಾಡುವುದಿಲ್ಲ. ಕಾಳು ಜೀವಂತ ವಸ್ತು, ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ನುಸಿ, ಹುಳು ಉಸಿರುಕಟ್ಟಿ ಸಾಯುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಾಳು ಇಡಿ ಎಂದು ಕೃಷಿ ವಿಜ್ಞಾನಿಗಳು ಈಗ ಹೇಳುವ ವಿದ್ಯೆಯೂ ಇದೇ. ಹುಳು ಸಾಯಿಸುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ ಎಂಬುದು ಹಿರಿಯರಿಗೆ ಗೊತ್ತಿತ್ತು. ಹಗೇವಿನ ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಹಗೇವಿನ ಜೋಳದ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು. ಬರಗಾಲದಲ್ಲಿ ಯಾರೂ ದೂರು ಹೇಳಲಿಲ್ಲ.

ಎತ್ತು ಮತ್ತು ಜೋಳ, ಈ ಎರಡು ಗೂಟಗಳು ಕಿತ್ತ ಮೇಲೆ ಮನೆ ನಿಲ್ಲುವುದಾದರೂ ಹೇಗೆ? ಉಳುಮೆ ಟ್ರ್ಯಾಕ್ಟರಿಗೆ ಹೋಯಿತು. ಹೊಲಕ್ಕೆ ಜೋಳದ ಬದಲು ಗೋವಿನಜೋಳ, ಹತ್ತಿ ಬಂದು, ರಾಶಿ ಕಣದಿಂದ ನೇರ ಪೇಟೆಗೆ ಹೊರಟಿತು. ಬ್ಯಾಡಗಿಯ ಮೆಣಸಿನಕಾಯಿ ಬೆಲೆ ಬರುವವರೆಗೆ ಕಾಯುವುದು ಊರ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ. ತಮಾಷೆ ಎಂದರೆ ಎತ್ತು ಪೂರಾ ಹೋಗಿಲ್ಲ. ದೀಪಾವಳಿಯ ನಂತರದ ಹೋರಿ ಹಬ್ಬಕ್ಕೆ ಈ ಜಿಲ್ಲೆಯಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಗಳಿಗೆ ಹೆಸರಿದೆ, ಅಭಿಮಾನಿ ಬಳಗವಿದೆ, ಫ್ಲೆಕ್ಸ್ ಇದೆ, ಮೇವಿನ ಜೊತೆ ಕಾಳು ಹಿಂಡಿಯ ಉಪಚಾರವಿದೆ. ಅವುಗಳ ವಾಸ ಮಾತ್ರ ಪ್ರತ್ಯೇಕ ಶೆಡ್ಡಿನಲ್ಲಿ, ಫ್ಯಾನಿನ ಕೆಳಗೆ. ಉಳದ ಹೋರಿ ಪಡಸಾಲೆಯ ಮುಂದೆ ಯಾಕೆ ಬೇಕು?

ಪಾಲು ಇನ್ನೊಂದು ಹೊಡೆತ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲದಂತೆ ಮನೆಯನ್ನೂ ಅಂಕಣದ ಲೆಕ್ಕದಲ್ಲಿ ಹರಿದುಕೊಳ್ಳುತ್ತಾರೆ. ಪಡಸಾಲೆಯ ನಡುವೆ ಇಟ್ಟಂಗಿ ಗೋಡೆ ಏಳುತ್ತದೆ. ಒಬ್ಬ ತನ್ನ ಭಾಗದ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದರೆ ಇನ್ನೊಬ್ಬನ ತೊಲೆಗೆ ಒಂದು ಕಡೆಯ ಆಸರೆ ತಪ್ಪುತ್ತದೆ. ಕಂಬ, ಬಾಗಿಲು, ಬೋದಿಗೆಗಳನ್ನು ಕೊಳ್ಳುವವರು ಲಾರಿ ತಂದು ನಿಲ್ಲಿಸುತ್ತಾರೆ. ದೂರದ ಯಾವುದೋ ರೆಸಾರ್ಟಿನಲ್ಲಿ ಆ ಕಂಬ ಏನನ್ನೂ ಹೊರದೆ ನಿಂತಿರುತ್ತದೆ.

ಉಳಿದ ಮನೆಯ ರಿಪೇರಿಗೆ ಜನ ಸಿಮೆಂಟು ತರುತ್ತಾರೆ. ಮಣ್ಣಿನ ಗಾರೆಯ ಗೋಡೆ ನೆಲದ ತೇವ ಹೀರುತ್ತದೆ, ಮೈಯೆಲ್ಲದರಿಂದ ಆರಿಸಿಕೊಳ್ಳುತ್ತದೆ. ಹೊರಗಡೆ ಸಿಮೆಂಟು ಬಳಿದರೆ ಆರುವ ದಾರಿ ಬಂದ್. ಒಳಗಿನ ಕೆಸರು ಮೆತ್ತಗಾಗಿ ಹೊರಸಾಲಿನ ಕಲ್ಲು ಹೊಟ್ಟೆ ಬಿಡುತ್ತದೆ, ಒಂದು ಶ್ರಾವಣದಲ್ಲಿ ಕಳಚಿ ಬೀಳುತ್ತದೆ. ಸುಣ್ಣದ ಗಾರೆಯ ಕಲ್ಲುಮನೆಗಳಿಗೆ ಸಿಮೆಂಟು ತುಂಬಿ ಇಂಗ್ಲೆಂಡಿನವರೂ ಇದೇ ಪೆಟ್ಟು ತಿಂದರು. 1877ರಲ್ಲಿ ವಿಲಿಯಂ ಮಾರಿಸ್ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಅಲ್ಲಿ ಇವತ್ತಿಗೂ ಮನೆಮಾಲೀಕರಿಗೆ ಹೇಳುತ್ತಿರುವುದು, ಗೋಡೆಗೆ ಉಸಿರಾಡಲು ಬಿಡಿ ಎಂದೇ.

2019ರ ಆಗಸ್ಟಿನ ಮಳೆಗೆ, ನೆರೆಗೆ ಈ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಸಾಲು ಸಾಲಾಗಿ ಬಿದ್ದವು. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನಲ್ಲಿ ಹಳೇ ಮನೆಯ ಮಾಳಿಗೆ ಕುಸಿದು ಒಂದೇ ಕುಟುಂಬದ ಮೂವರು ತೀರಿಕೊಂಡರು; ಅವರಲ್ಲಿ ಇಬ್ಬರು ಎಳೆಯ ಅವಳಿ ಮಕ್ಕಳು. ಇಂಥದ್ದು ಓದಿದ ಮೇಲೂ ಹಳೇ ಮನೆ ಉಳಿಸಿಕೊಳ್ಳಿ ಎಂದು ಯಾರಿಗೂ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಆದರೆ 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಗೊತ್ತುಮಾಡಿತು. ಅಲ್ಪಸ್ವಲ್ಪ ಹಾನಿಗೆ ಸಿಕ್ಕದ್ದು ಅದರ ಸಣ್ಣ ಪಾಲು. ಬಿರುಕು ಬಿಟ್ಟ ಗೋಡೆ ಸರಿಪಡಿಸುವುದಕ್ಕಿಂತ ಅದು ಬೀಳುವುದೇ ಲಾಭ ಎನ್ನುವ ಲೆಕ್ಕ ಹೀಗೆ ಹುಟ್ಟುತ್ತದೆ. ಮಾಳಿಗೆಯ ಮಣ್ಣಿಳಿಸಿ, ತೊಲೆಯ ತುದಿ ಪರೀಕ್ಷಿಸಿ, ಮೇಲೆ ಹಗುರವಾದ ಹೆಂಚು ಹೊದಿಸಲು ಆ ಪರಿಹಾರದ ಒಂದು ಭಾಗದಷ್ಟು ಹಣವನ್ನು ಮಳೆಗೆ ಮೊದಲೇ ಕೊಟ್ಟಿದ್ದರೆ ಎಷ್ಟೋ ಗೋಡೆಗಳು, ಜೀವಗಳು ಉಳಿಯುತ್ತಿದ್ದವು ಎಂದೇ ನನ್ನ ನಂಬಿಕೆ. ಗೋಡೆಗಳ ಕಲ್ಲು ಕೆಡುವಂಥದ್ದಲ್ಲ; ಕೊಲ್ಲುವುದು ತಲೆಯ ಮೇಲಿನ ಭಾರ.

ಕಾನೂನಿನ ಕಣ್ಣಿಗೆ ಈ ಮನೆ ಬೀಳುವುದಿಲ್ಲ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಸ್ಮಾರಕಗಳಿಗೆ. ಸಿದ್ಧೇಶ್ವರ ಗುಡಿಯ ಮುಂದೆ ಪುರಾತತ್ವ ಇಲಾಖೆಯ ಫಲಕ ಉಂಟು. ಅದೇ ಊರ ಹಳೇ ಓಣಿಗೆ ಏನೂ ಇಲ್ಲ. ಇಂಗ್ಲೆಂಡಿನಲ್ಲಿ 1947ರ ಕಾಯ್ದೆಯಿಂದ ಬೆಳೆದ, ಕಾಪಾಡಬೇಕಾದ ಕಟ್ಟಡಗಳ ಪಟ್ಟಿ ಈಗ 4 ಲಕ್ಷದ ಹತ್ತಿರ ಇದೆ, ಅದರಲ್ಲಿ ಸಾಮಾನ್ಯ ರೈತರ ಮನೆಗಳೂ ಹೇರಳ. ಅಲ್ಲಿ ಕಿಟಕಿ ಬದಲಿಸಲೂ ಅಪ್ಪಣೆ ಬೇಕು. ಆ ಪದ್ಧತಿ ಇಲ್ಲಿಗೆ ಬೇಡ. ಸೋರುವ ಮಾಳಿಗೆಗೆ ತಗಡು ಹೊದಿಸಲು ರೈತ ಬೆಂಗಳೂರಿಗೆ ಅರ್ಜಿ ಹಾಕುವಂತಾದರೆ ಅವನು ಮನೆಯನ್ನೇ ಕೆಡವಿ ಕೈತೊಳೆದುಕೊಳ್ಳುತ್ತಾನೆ.

ಆಗಬಹುದಾದ ಕೆಲಸ ಬೇರೆ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕು ಸಿಮೆಂಟಿನ ಶಿಲ್ಪವಾಗಿ ನಿಂತು ಜನರನ್ನು ಸೆಳೆಯುತ್ತದೆ. ಅಲ್ಲಿಂದ ಗಂಟೆ ಎರಡು ಗಂಟೆ ದಾರಿಯ ಊರುಗಳಲ್ಲಿ ಅಸಲು ಮನೆಗಳೇ ಇವೆ. ವಿದ್ಯಾರ್ಥಿಗಳು ಟೇಪು ಹಿಡಿದು ಹೋಗಲಿ: ಎಷ್ಟು ಅಂಕಣ, ದಂದಕ್ಕಿಗೂ ಪಡಸಾಲೆಗೂ ಎಷ್ಟು ಏರು, ತೊಲೆ ಯಾವ ಮರ, ಮಾಳಿಗೆಯ ಮಣ್ಣು ಎಷ್ಟು ದಪ್ಪ, ಸವಳು ಯಾವ ಹಳ್ಳದ್ದು, ಹಗೇವಿನ ಬಾಯಿ ಎಲ್ಲಿ. ಮನೆ ಬಿದ್ದ ಮೇಲೆ ಪರಿಹಾರಕ್ಕೆಂದು ಫೋಟೊ ತೆಗೆಯುವ ಪದ್ಧತಿ ಹೇಗೂ ಇದೆ. ನಿಂತಿರುವಾಗ ತೆಗೆದರೆ ಖರ್ಚೇನೂ ಹೆಚ್ಚಲ್ಲ. ಮಾಳಿಗೆ ಎಷ್ಟು ದಪ್ಪ ಎಂಬ ಆ ಒಂದು ಅಂಕಿಯನ್ನು ಪಂಚಾಯ್ತಿಗೆ ಕೊಟ್ಟರೆ, ಮುಂದಿನ ಮುಂಗಾರಿಗೆ ಮೊದಲು ಯಾರ ಮನೆಯ ಮಣ್ಣು ಇಳಿಸಬೇಕು ಎಂಬ ಪಟ್ಟಿ ಅದರಿಂದಲೇ ತಯಾರಾಗುತ್ತದೆ.